ಮುಂಚೆಯೇ ನಗುವ ಹೆಂಗಸು

ನಮ್ಮವರು ವಾರವಿಡೀ ಲಿಫ್ಟ್ ರಿಪೇರಿ ಮಾಡುತ್ತಾರೆ. ಭಾನುವಾರ ಸಂಜೆ ಮಾತ್ರ ಹತ್ತು ನಿಮಿಷ ಹಾಸ್ಯಗಾರರಾಗುತ್ತಾರೆ. ಸೈಕಲ್ ಅಂಗಡಿಯ ಮೇಲಿರುವ ಉದ್ದನೆಯ ಕೋಣೆ, ಅರವತ್ತು ತಗಡಿನ ಮಡಚು ಕುರ್ಚಿಗಳು, ಒಂದು ಮೈಕು, ಒಂದು ದೀಪ. ಅಲ್ಲಿ ನಿಂತು ಜನರನ್ನು ನಗಿಸುವುದು ಅವರ ಕೆಲಸ. ಮೂರನೇ ಸಾಲಿನಲ್ಲಿ, ಗೋಡೆಯಿಂದ ಎರಡನೆಯ ಕುರ್ಚಿಯಲ್ಲಿ ಕೂತು ನಗುವುದು ನನ್ನ ಕೆಲಸ. ನಾಲ್ಕು ವರ್ಷದಲ್ಲಿ ಒಂದು ಭಾನುವಾರವನ್ನೂ ತಪ್ಪಿಸಿದವಳಲ್ಲ. ಜ್ವರ ಬಂದಾಗಲೂ ಹೋಗಿದ್ದೇನೆ. ಅವತ್ತು ನಗುವಿಗಿಂತ ಕೆಮ್ಮು ಜಾಸ್ತಿಯಾಗಿತ್ತು, ಅಷ್ಟೇ.

ನಾನು ಅವರ ಹೆಂಡತಿ ಎಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಇವರದೇ ಏರ್ಪಾಡು. ಮೊದಲ ಸಲ ಮೈಕ್ ಹಿಡಿಯುವ ದಿನ, ಅಂಗಿಯ ಗುಂಡಿಯನ್ನು ಮೂರು ಸಲ ಹಾಕಿ ಮೂರು ಸಲ ಬಿಚ್ಚಿ, "ಮನೆಯವರ ನಗು ಲೆಕ್ಕಕ್ಕೆ ಬರಲ್ಲ ಕಣೇ. ನೀನು ಯಾರೂ ಅಲ್ಲ ಅನ್ನೋ ಹಾಗೆ ಬಂದು ಕೂತ್ಕೋ," ಎಂದಿದ್ದರು. ಆಗಲಿ ಎಂದೆ. ಅವರು ಮೆಟ್ಟಿಲು ಹತ್ತಿದ ಐದು ನಿಮಿಷಕ್ಕೆ ನಾನು ಹತ್ತಬೇಕು. ಆ ಐದು ನಿಮಿಷ ಕೆಳಗೆ ನಿಂತು ಅಂಗಡಿಯ ಗಾಜಿನೊಳಗಿನ ಸೈಕಲ್ ನೋಡಬೇಕು. ಒಂದು ದಿನ ಅಂಗಡಿಯಾತ ಹೊರಗೆ ಬಂದು, "ಅಮ್ಮ, ವರ್ಷದಿಂದ ಆ ಕೆಂಪು ಸೈಕಲ್ಲನ್ನೇ ನೋಡ್ತಾ ಇದೀರ. ಒಂದು ಸುತ್ತು ಹೊಡೆದಾದ್ರೂ ನೋಡಿ," ಎಂದ. ಐವತ್ತೆರಡನೆಯ ವಯಸ್ಸಿನಲ್ಲಿ, ಕಟ್ಟಿಕೊಂಡ ಗಂಡನನ್ನೇ ಕದ್ದುಮುಚ್ಚಿ ನೋಡಲು ಹೋಗುವ ಹೆಂಗಸು ನಾನೊಬ್ಬಳೇ ಇರಬೇಕು. ಸುಳ್ಳು ಯಾಕೆ ಹೇಳಲಿ, ನನಗೆ ಅದು ಇಷ್ಟವಾಗಿತ್ತು.

ನಗಿಸುವವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಗುವವರನ್ನು ನೋಡಬೇಕೆಂದರೆ ನನ್ನ ಹಾಗೆ ವಾರವಾರವೂ ಹೋಗಬೇಕು. ಮೊದಲ ಸಾಲಿನಲ್ಲಿ ಕೂರುವವರು ಒಂದೋ ಹೊಸಬರು, ಇಲ್ಲವೇ ತಡವಾಗಿ ಬಂದವರು. ಮೈಕ್ ಹಿಡಿದವರು ತಮ್ಮನ್ನೇ ಎಲ್ಲಿ ಮಾತಾಡಿಸಿಬಿಡುತ್ತಾರೋ ಎಂದು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಕೂತಿರುತ್ತಾರೆ. ಎರಡನೇ ಸಾಲಿನಲ್ಲಿ ಒಬ್ಬ ಗಂಡಸು ಇದ್ದೇ ಇರುತ್ತಾನೆ, ಪ್ರತಿ ಜೋಕನ್ನೂ ಪಕ್ಕದಲ್ಲಿರುವ ಹೆಂಡತಿಗೆ ಬಿಡಿಸಿ ಹೇಳುವವನು. ಪಾಪ, ಆಕೆ ಆಗಲೇ ನಕ್ಕು ಮುಗಿಸಿರುತ್ತಾಳೆ. ಅವನ ಸಮಾಧಾನಕ್ಕೆ ಇನ್ನೊಂದು ಸಲ ನಗುತ್ತಾಳೆ. ಇನ್ನು ಕೆಲವರು ಕೈ ಕಟ್ಟಿಕೊಂಡು, ಹುಬ್ಬು ಗಂಟಿಕ್ಕಿಕೊಂಡು, ನಗಿಸು ನೋಡೋಣ ಎನ್ನುವ ಹಾಗೆ ಕೂತಿರುತ್ತಾರೆ. ಅಷ್ಟು ಕಷ್ಟಪಟ್ಟು ನಗು ತಡೆಯುವುದಕ್ಕೆ ಟಿಕೆಟ್ ಯಾಕೆ ಕೊಳ್ಳಬೇಕೋ ನನಗೆ ಅರ್ಥವಾಗಿಲ್ಲ. ಮನೆಯಲ್ಲೇ ಕೂತು ಗೋಡೆ ನೋಡಬಹುದಿತ್ತು.

ಮೈಕ್ ಹಿಡಿಯುವವರ ಮೇಲೂ ನನಗೆ ಪ್ರೀತಿ ಬೆಳೆದುಬಿಟ್ಟಿದೆ. ಗಡ್ಡದವನೊಬ್ಬ ಇದ್ದಾನೆ, ಜೋಕು ಸೋಲುತ್ತಿದೆ ಎನ್ನಿಸಿದರೆ ದನಿ ಏರಿಸುತ್ತಾನೆ. ಒಂದೊಂದು ಭಾನುವಾರ ಕೆಳಗಿನ ಸೈಕಲ್ ಅಂಗಡಿಗೂ ಅವನ ಜೋಕು ಕೇಳುತ್ತದೆ. ಕನ್ನಡಕದ ಹುಡುಗಿಯೊಬ್ಬಳು ಇದ್ದಾಳೆ, ತನ್ನ ಜೊತೆ ಕೋಣೆ ಹಂಚಿಕೊಂಡ ಗೆಳತಿಯರ ಬಗ್ಗೆ ಮಾತ್ರ ಹೇಳುತ್ತಾಳೆ, ಆದರೆ ಹೊಟ್ಟೆ ಹಿಡಿದುಕೊಂಡು ನಗಬೇಕು. ಅವಳು ಮೈಕಿನ ವೈರನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುವುದು ನನಗೆ ಮೂರನೇ ಸಾಲಿನಿಂದ ಕಾಣುತ್ತದೆ. ಅವಳ ಸರದಿಯಲ್ಲಿ ನಾನು ಸ್ವಲ್ಪ ಜೋರಾಗಿಯೇ ನಗುತ್ತೇನೆ.

ಇವರ ಜೋಕುಗಳ ವಿಷಯ ಬೇರೆ. ಅವು ನನ್ನ ಕೈಯಲ್ಲೇ ಬೆಳೆದವು.

ನನ್ನದು ಬಟ್ಟೆ ಆಲ್ಟರೇಷನ್ ಕೆಲಸ. ಹೊಸದಾಗಿ ಹೊಲಿಯುವುದಿಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು, ದಪ್ಪಗಾದವರ ಬಟ್ಟೆಯನ್ನು ಅವರಿಗೆ ಬೇಜಾರಾಗದ ಹಾಗೆ ಅಗಲ ಮಾಡುವುದು. ನಮ್ಮ ಮನೆ ಎರಡನೇ ಮಹಡಿಯಲ್ಲಿದೆ, ಮುಂದಿನ ಕೋಣೆಯೇ ಅಂಗಡಿ. ಸಂಜೆ ಇವರು ಕೆಲಸದಿಂದ ಬಂದು, ಕೈಯ ಗ್ರೀಸು ತೊಳೆದು, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಹೊಸ ಜೋಕು ಹೇಳುತ್ತಾರೆ. ನಾನು ಮಿಷನ್ ತುಳಿಯುತ್ತಲೇ ಕೇಳುತ್ತೇನೆ.

"ಹದಿನೆಂಟು ಅಂತಸ್ತಿನ ಕಟ್ಟಡ," ಎಂದು ಶುರು ಮಾಡುತ್ತಾರೆ. "ಮುಂದೆ ಒಂದು ಕಾರಂಜಿ. ಕಾರಂಜೀಲಿ ಎರಡು ಮೀನು..."

"ಮೀನು ಆಮೇಲೆ ಬರ್ತವಾ?"

"ಇಲ್ಲ."

"ಮತ್ತೆ ಯಾಕ್ರೀ? ಕತ್ತರಿಸಿ."

ನಾನೇ ಆ ಮೀನುಗಳನ್ನು ಕೊಂದೆನೇನೋ ಎನ್ನುವ ಹಾಗೆ ನೋಡುತ್ತಾರೆ. ಮರುದಿನ ಮೀನು ಇರುವುದಿಲ್ಲ. ಅದರ ಮರುದಿನ ಕಾರಂಜಿಯೂ ಹೋಗುತ್ತದೆ. ಹೀಗೆ ಎರಡು ವಾರ ಕತ್ತರಿಸಿ, ಮಡಚಿ, ಹೊಲಿದ ಮೇಲೆ ಉಳಿಯುವುದು ಇಷ್ಟು: "ಒಂದು ಲಿಫ್ಟಲ್ಲಿ ಗಂಡ ಹೆಂಡ್ತಿ ಸಿಕ್ಕಿಹಾಕ್ಕೊಂಡಿದ್ರು. ಒಳಗೆ ಜೋರು ಜಗಳ. ನಾನು ಬೆವರು ಸುರಿಸಿ ಇಪ್ಪತ್ತು ನಿಮಿಷದಲ್ಲಿ ಬಾಗಿಲು ತೆಗೆದೆ. ಹೆಂಡ್ತಿ ನನ್ನ ನೋಡಿ ಹೇಳಿದ್ಲು, ಇನ್ನೊಂದೈದು ನಿಮಿಷ ಮುಚ್ಚಿರಿ, ನಂದಿನ್ನೂ ಮುಗಿದಿಲ್ಲ."

ಕೊನೆಯ ಆ ಮಾತಿಗೆ ಅವರೆಲ್ಲ ಪಂಚ್ ಎನ್ನುತ್ತಾರೆ. ನಾನು ಗಂಟು ಎನ್ನುತ್ತೇನೆ. ಗಂಟು ಸರಿಯಾಗಿ ಬೀಳದಿದ್ದರೆ ಹೊಲಿದದ್ದೆಲ್ಲ ಬಿಚ್ಚಿಕೊಳ್ಳುತ್ತದೆ.

ಅವರು ಜೋಕು ಹೇಳಲು ಕಲಿತದ್ದೂ ಲಿಫ್ಟಿನಿಂದಲೇ. ಆ ಕೆಲಸದಲ್ಲಿ ಒಂದು ಕ್ರಮವಿದೆ. ಜನ ಒಳಗೆ ಸಿಕ್ಕಿಕೊಂಡಾಗ ಹೊರಗಿನಿಂದ ಬಾಗಿಲನ್ನು ಮೂರು ಸಲ ತಟ್ಟಬೇಕು. ಒಳಗಿನವರು ತಿರುಗಿ ಮೂರು ಸಲ ತಟ್ಟಬೇಕು. ರಿಪೇರಿ ಮುಗಿಯುವವರೆಗೂ ಆಗಾಗ ಹೀಗೆ ತಟ್ಟುತ್ತ, ಏನಾದರೂ ಮಾತಾಡುತ್ತ ಇರಬೇಕು. ಒಳಗಿನವರು ಬೈದರೆ ಭಯವಿಲ್ಲ, ಅತ್ತರೂ ಭಯವಿಲ್ಲ. ಸುಮ್ಮನಾದರೆ ಮಾತ್ರ ಸ್ಪ್ಯಾನರ್ ಕೆಳಗಿಟ್ಟು ಮೊದಲು ಅವರನ್ನು ಮಾತಾಡಿಸಬೇಕು. ಮೂವತ್ತೆರಡು ವರ್ಷ ಮುಖ ಕಾಣದವರನ್ನು ನಗಿಸಿ ನಗಿಸಿ ಇವರಿಗೆ ಅದೇ ಅಭ್ಯಾಸವಾಗಿದೆ. ಮನೆಯಲ್ಲೂ ಅಷ್ಟೇ. ನಾನು ಬಚ್ಚಲಲ್ಲಿ ಸ್ವಲ್ಪ ಹೊತ್ತು ಜಾಸ್ತಿ ಇದ್ದರೆ ಸಾಕು, ಬಾಗಿಲ ಮೇಲೆ ಟಕ್ ಟಕ್ ಟಕ್. ನಾನು ತಿರುಗಿ ತಟ್ಟಿದ ಮೇಲೆಯೇ ಅಲ್ಲಿಂದ ಹೋಗುತ್ತಾರೆ. ಹೊಲಿಗೆ ಕೋಣೆಯ ಬಾಗಿಲು ತೆರೆದೇ ಇದ್ದರೂ ಚೌಕಟ್ಟಿಗೆ ಮೂರು ಸಲ ತಟ್ಟಿ ಒಳಗೆ ಬರುತ್ತಾರೆ. ನಾನು ಕತ್ತರಿಯ ಹಿಡಿಯಿಂದ ಮೇಜಿಗೆ ತಟ್ಟುತ್ತೇನೆ.

ನಮ್ಮ ಪರಿಚಯವಾದದ್ದೂ ಹೀಗೇ. ಆಗ ನನಗೆ ಇಪ್ಪತ್ತೆರಡು. ಏಳನೇ ಮಹಡಿಯ ಒಂದು ಮನೆಗೆ ಹೊಲಿದ ಪರದೆ ಕೊಡಲು ಹೊರಟಿದ್ದೆ. ನಾಲ್ಕನೇ ಮಹಡಿ ದಾಟಿ ಲಿಫ್ಟು ನಿಂತಿತು, ದೀಪ ಆರಿತು. ಪರದೆಯ ಗಂಟನ್ನು ಅವಚಿಕೊಂಡು ಮೂಲೆಯಲ್ಲಿ ಕೂತುಬಿಟ್ಟೆ. ಎಷ್ಟೋ ಹೊತ್ತಾದ ಮೇಲೆ ಹೊರಗೆ ಟಕ್ ಟಕ್ ಟಕ್.

"ಒಳಗೆ ಯಾರಾದ್ರೂ ಇದೀರಾ? ಇದ್ರೆ ಮೂರು ಸಲ ತಟ್ಟಿ."

ತಟ್ಟಿದೆ.

"ಏನೂ ಹೆದರ್ಕೋಬೇಡಿ. ಈ ಲಿಫ್ಟನ್ನ ಹೋದ ವಾರ ಒಬ್ಬ ಪೆದ್ದ ರಿಪೇರಿ ಮಾಡಿ ಹೋಗಿದ್ದ. ಆ ಪೆದ್ದ ಯಾರು ಅಂದ್ರೆ..."

ಅಷ್ಟರಲ್ಲಿ ನಾನು ನಕ್ಕುಬಿಟ್ಟೆ. ಹೆದರಿಕೆಗೋ ಏನೋ, ತಡೆಯಲಾಗಲಿಲ್ಲ. ಹೊರಗಿನ ಆ ದನಿಯೂ ನನ್ನ ಜೊತೆ ನಗತೊಡಗಿತು. ಪೆದ್ದ ಯಾರು ಎನ್ನುವುದನ್ನು ಅವತ್ತು ಅವರು ಹೇಳಲೇ ಇಲ್ಲ. ಬಾಗಿಲು ತೆರೆದಾಗ ಮುಖಕ್ಕೆಲ್ಲ ಗ್ರೀಸು ಬಳಿದುಕೊಂಡ ಆಸಾಮಿಯನ್ನು ನೋಡಿ ನನಗೇ ಗೊತ್ತಾಯಿತು. ನಿನ್ನ ಮುಖ ನೋಡೋಕೆ ಮುಂಚೆ ನಿನ್ನ ನಗು ನೋಡಿದ್ದೆ ಎಂದು ಈಗಲೂ ಹೇಳುತ್ತಾರೆ. ನಗುವನ್ನು ನೋಡುವುದಿಲ್ಲ ರೀ, ಕೇಳುವುದು ಎಂದು ನಾನು ಪ್ರತಿ ಸಲವೂ ತಿದ್ದುತ್ತೇನೆ.

ಇನ್ನು ಮೂರು ತಿಂಗಳಿಗೆ ಅವರ ನಿವೃತ್ತಿ. ಮೊಣಕಾಲು ಬೇರೆ ಆಗಾಗ ಕೈ ಕೊಡುತ್ತಿದೆ. ಒಂದು ಸಂಜೆ ನಾನು ಸೂಜಿಗೆ ದಾರ ಪೋಣಿಸುತ್ತಿದ್ದಾಗ, ಸ್ಟೂಲಿನ ಮೇಲೆ ಕೂತು, "ಆಮೇಲೆ ನಾನು ಯಾರ ಬಾಗಿಲು ತಟ್ಟಲಿ?" ಎಂದು ಕೇಳಿದರು. ಜೋಕಿರಬೇಕು ಎಂದು ತಲೆ ಎತ್ತಿ ನೋಡಿದೆ. ಜೋಕಾಗಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ದೊಡ್ಡ ಥಿಯೇಟರಿನ ಸುದ್ದಿ ಬಂತು. ಭಾನುವಾರದ ಕಾರ್ಯಕ್ರಮ ನಡೆಸುವಾಕೆಯನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ಗಿಡ್ಡ ಕೂದಲು, ಕತ್ತಿನಲ್ಲಿ ಸದಾ ನೇತಾಡುವ ಕೀಲಿಗೊಂಚಲು, ಕಡಿಮೆ ಮಾತು. ನಾನೂರು ಮೆತ್ತನೆಯ ಸೀಟುಗಳಿರುವ ಥಿಯೇಟರಿನವರು ನಮ್ಮ ಕೋಣೆಗೆ ಬಂದು ನೋಡಿ, ಒಬ್ಬರನ್ನು ಆರಿಸಿ, ಅವರೊಬ್ಬರಿಗೇ ತಿಂಗಳಿಗೊಮ್ಮೆ ಪೂರ್ತಿ ಒಂದು ಗಂಟೆ ಕೊಡುತ್ತಾರೆ ಎಂದು ಆಕೆ ಹೇಳಿದರು. ಇವರು ಆ ದಿನ ಮನೆಗೆ ಬಂದವರು ಕೂರಲೇ ಇಲ್ಲ. ಮೊಣಕಾಲು ನೋವು ಮರೆತು ಅಡುಗೆಮನೆಗೂ ಹೊಲಿಗೆ ಕೋಣೆಗೂ ಹದಿನಾರು ಸಲ ನಡೆದರು. "ಒಂದು ಗಂಟೆ ಕಣೇ! ಒಂದು ಗಂಟೆ ಅಂದ್ರೆ ಮೀನನ್ನೂ ವಾಪಸ್ ತರಬಹುದು!"

ಥಿಯೇಟರಿನವರು ಬರುವ ವಾರದ ಸೋಮವಾರ ಇವರು ಮುಖ ಸಣ್ಣದು ಮಾಡಿಕೊಂಡು ಬಂದರು. ಕೈ ತೊಳೆಯದೆ ಸ್ಟೂಲಿನ ಮೇಲೆ ಕೂತರು. ಫೋನ್ ತೆಗೆದು, ಮೇಡಂ ಕಳಿಸಿದ ಹಿಂದಿನ ದಿನದ ರೆಕಾರ್ಡಿಂಗ್ ಹಾಕಿದರು.

ಮಿಷನ್ ನಿಲ್ಲಿಸಿ ಕೇಳಿದೆ. ಇವರು, "ನಾನು ಬೆವರು ಸುರಿಸಿ ಇಪ್ಪತ್ತು ನಿಮಿಷದಲ್ಲಿ ಬಾಗಿಲು ತೆಗೆದೆ," ಎನ್ನುತ್ತಾರೆ. ತಕ್ಷಣ ಯಾರೋ ಒಬ್ಬಾಕೆ ಹೋ ಎಂದು ನಗುತ್ತಾಳೆ. ಆಮೇಲೆ ಗಂಟು ಬೀಳುತ್ತದೆ. ಆಮೇಲೆ ಉಳಿದವರು ನಗುತ್ತಾರೆ. ಮುಂದಿನ ಜೋಕಿನಲ್ಲೂ ಹಾಗೇ. ಅದರ ಮುಂದಿನದರಲ್ಲೂ. ಹತ್ತು ನಿಮಿಷದಲ್ಲಿ ಆರು ಕಡೆ ಆಕೆ ಎಲ್ಲರಿಗಿಂತ ಮುಂಚೆ ನಕ್ಕಿದ್ದಾಳೆ.

"ಇದ್ಯಾವಳ್ರೀ, ಇಷ್ಟು ಅವಸರದವಳು?" ಎಂದೆ.

ಇವರು ನನ್ನನ್ನೇ ನೋಡಿದರು.

"ನಾನಾ?"

"ಮತ್ತಿನ್ಯಾರು?"

ಎರಡು ವಾರ ಕೂತು ನಾನೇ ಅಳೆದು ಕತ್ತರಿಸಿದ ಜೋಕು. ಗಂಟು ಎಲ್ಲಿ ಬೀಳುತ್ತದೆ ಎಂದು ಗೊತ್ತಿರುವವಳಿಗೆ ಅದು ಬೀಳುವವರೆಗೆ ಕಾಯಲು ಎಲ್ಲಿಂದ ತಾಳ್ಮೆ ಬರಬೇಕು? ನಾಲ್ಕು ವರ್ಷ ನಾನು ಅವರಿಗೆ ಬೆಂಬಲ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಕೊಟ್ಟದ್ದು ತೊಂದರೆ.

"ಮೇಡಂ ಏನಂದ್ರು?"

"ಮೂರನೇ ಸಾಲಿನಲ್ಲಿ ಒಬ್ಬ ಹೆಂಗಸು ಮುಂಚೆಯೇ ನಗ್ತಾಳೆ, ಆಕೆಯಿಂದ ನಿಮ್ಮ ಜೋಕು ಕೆಡ್ತಿದೆ, ಥಿಯೇಟರಿನವರು ಬರೋ ದಿನ ಆಕೆ ಇರಬಾರದು, ಯಾರಾಕೆ ಅಂತ ಕೇಳಿದ್ರು."

"ನೀವೇನಂದ್ರಿ?"

ಇವರು ಅಂಗೈಯ ಗ್ರೀಸನ್ನು ಹೆಬ್ಬೆರಳಿನಿಂದ ಉಜ್ಜಿದರು. "ಯಾರೋ ಗೊತ್ತಿಲ್ಲ, ವಿಚಾರಿಸ್ತೀನಿ ಅಂದೆ."

ಬರಬೇಡ ಎಂದಿದ್ದರೆ ಅರ್ಥಮಾಡಿಕೊಳ್ಳುತ್ತಿದ್ದೆ. ಆಮೇಲೆ ಅದನ್ನೂ ಅಂದರು, "ಈ ಒಂದು ಭಾನುವಾರ ಮಾತ್ರ ನೀನು ಬರಬೇಡ ಕಣೇ," ಎಂದು, ಎಷ್ಟೋ ಹಿಂಜರಿದು. ನನಗೆ ಚುಚ್ಚಿದ್ದು ಅದಲ್ಲ. ಯಾರೋ ಗೊತ್ತಿಲ್ಲ ಅಂದರಲ್ಲ, ಅದು. ಯಾರೂ ಅಲ್ಲದವಳ ಹಾಗೆ ಬಂದು ಕೂತುಕೋ ಎಂದಾಗ ಅದು ಆಟವಾಗಿತ್ತು. ಈಗ ನಿಜವಾಗಿಯೂ ಯಾರೂ ಅಲ್ಲದವಳಾಗಿಬಿಟ್ಟೆ ಎನ್ನಿಸಿತು. ಅವರು ಹೇಳುವ ಜೋಕುಗಳಲ್ಲಿ ಅರ್ಧ ನನ್ನ ಮೇಲೆಯೇ ಇವೆ. ನಾನೇ ಇಲ್ಲದ ಕಡೆ ನನ್ನನ್ನು ಆಡಿಕೊಂಡು ನಗುತ್ತಾರಂತೆ!

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ನಾನು ಕೂಗಾಡುವವಳಲ್ಲ. ಆ ರಾತ್ರಿ ಅವರ ಕೆಲಸದ ಪ್ಯಾಂಟುಗಳ ಸೊಂಟವನ್ನು ಅರ್ಧರ್ಧ ಇಂಚು ಒಳಗೆ ಹಿಡಿದುಬಿಟ್ಟೆ. ಮೂರು ದಿನ, "ನಾನು ದಪ್ಪ ಆಗ್ತಿದೀನಾ?" ಎಂದು ಕೇಳುತ್ತ ಓಡಾಡಿದರು. ಆಗುತ್ತಿದ್ದೀರಿ ಎಂದೆ. ದಿನವೂ ಸಂಜೆ ಬಂದು ಚೌಕಟ್ಟಿಗೆ ಮೂರು ಸಲ ತಟ್ಟುತ್ತಿದ್ದರು. ಕತ್ತರಿ ಪಕ್ಕದಲ್ಲೇ ಇರುತ್ತಿತ್ತು, ನಾನು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತು, ಅಡುಗೆಮನೆಗೆ ಹೋಗಿ ಒಬ್ಬರೇ ಚಹಾ ಮಾಡಿಕೊಳ್ಳುತ್ತಿದ್ದರು. ನನಗೂ ಒಂದು ಲೋಟ ತಂದಿಡುತ್ತಿದ್ದರು. ಕುಡಿಯುತ್ತಿದ್ದೆ. ಚಹಾದ ಮೇಲೆ ನನಗೆ ಕೋಪವಿರಲಿಲ್ಲ.

ಶನಿವಾರ ನಾದಿನಿ ಬಂದಳು. ಅವಳು ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುತ್ತಾಳೆ, ಇಪ್ಪತ್ತು ವರ್ಷದಿಂದ ಜನರ ಬಾಯಿ ಮುಚ್ಚಿಸುವುದೇ ಕೆಲಸ. ಎಲ್ಲ ಕೇಳಿಸಿಕೊಂಡು, "ಅಣ್ಣ ಮಾಡಿದ್ದು ತಪ್ಪು," ಎಂದಳು. ಅಷ್ಟಕ್ಕೇ ನನಗೆ ಅರ್ಧ ಸಮಾಧಾನವಾಯಿತು. "ಆದ್ರೆ ಅತ್ತಿಗೆ, ನಾಳೆ ಅಣ್ಣನ್ನ ನೋಡದೆ ನೀವು ಮನೇಲಿ ಇರ್ತೀರಾ?"

"ಇರ್ತೀನಿ," ಎಂದೆ.

"ನನ್ನ ಮುಖ ನೋಡ್ಕೊಂಡು ಹೇಳಿ."

ಭಾನುವಾರ ಇವರು ಹೊರಟ ಅರ್ಧ ಗಂಟೆಗೆ ನಾವಿಬ್ಬರೂ ಹೊರಟೆವು. ಕೊನೆಯ ಸಾಲು, ಕಂಬದ ಹಿಂದೆ. "ಬಾಯಿ ಬಿಟ್ರೆ ಚಿವುಟ್ತೀನಿ," ಎಂದು ನಾದಿನಿ ಮೊದಲೇ ಹೇಳಿದ್ದಳು. ನಾನು ಕರ್ಚೀಫನ್ನು ಮಡಚಿ ಹಲ್ಲಿನ ಮಧ್ಯೆ ಇಟ್ಟುಕೊಂಡೆ. ಕೋಣೆ ತುಂಬಿತ್ತು, ನಮ್ಮ ಮುಂದಿನ ಸಾಲಿನಲ್ಲಿ ಒಂದೇ ಒಂದು ಕುರ್ಚಿ ಖಾಲಿ. ಥಿಯೇಟರಿನವರು ಇಬ್ಬರು ಬಂದಿದ್ದರು. ಬೂದು ಕೋಟಿನ ಎತ್ತರದ ಹೆಂಗಸು ಮತ್ತು ನೋಟ್‌ಬುಕ್ ಹಿಡಿದ ಗಂಡಸು. ನನ್ನ ಜಾಗದಲ್ಲಿ, ಮೂರನೇ ಸಾಲಿನಲ್ಲಿ ಗೋಡೆಯಿಂದ ಎರಡನೆಯ ಕುರ್ಚಿಯಲ್ಲಿ, ಯಾರೋ ಕೈ ಕಟ್ಟಿಕೊಂಡು ಕೂತಿದ್ದ. ಅವನನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

ಕನ್ನಡಕದ ಹುಡುಗಿ ಚೆನ್ನಾಗಿ ಮಾಡಿದಳು. ಗಡ್ಡದವನು ಕೂಗಿದ. ಮೂರನೆಯವರಾಗಿ ಇವರು ಬಂದರು. ನಾನೇ ಇಸ್ತ್ರಿ ಮಾಡಿದ ನೀಲಿ ಅಂಗಿ. ಕೋಪವಿದ್ದರೂ ಅಂಗಿಯ ಕಾಲರಿಗೆ ನಾನು ಮೋಸ ಮಾಡಿರಲಿಲ್ಲ.

"ನಾನು ಲಿಫ್ಟ್ ರಿಪೇರಿಯವನು," ಎಂದು ಶುರು ಮಾಡಿದರು. "ಮೂವತ್ತೆರಡು ವರ್ಷದಿಂದ ಜನರನ್ನ ಮೇಲಕ್ಕೆ ಕಳಿಸ್ತಾ ಇದೀನಿ."

ಇಲ್ಲಿ ನಾನು ನಗಬೇಕು. ಕರ್ಚೀಫ್ ಕಚ್ಚಿದೆ.

ಇವರು ಕಾದರು. ಕೋಣೆಯೂ ಕಾಯಿತು. ಅವರು ಆ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲುತ್ತಿದ್ದರು ಎನ್ನುವುದು ನನಗೆ ಆಗ ಮೊದಲ ಸಲ ತಿಳಿಯಿತು. ನನ್ನ ನಗುವಿಗೆಂದು ಅವರು ಪ್ರತಿ ಜೋಕಿನಲ್ಲೂ ಒಂದಿಷ್ಟು ಜಾಗ ಬಿಟ್ಟಿದ್ದರು, ಹೊಲಿಗೆಯಲ್ಲಿ ಒಳಗಡೆ ಬಟ್ಟೆ ಬಿಡುವ ಹಾಗೆ. ಅದು ಅವರಿಗೂ ಗೊತ್ತಿರಲಿಕ್ಕಿಲ್ಲ. ಈಗ ಆ ಜಾಗ ಬರಿದಾಗಿ ಕಾಣುತ್ತಿತ್ತು.

"...ನಾನು ಮಾತ್ರ ಎರಡನೇ ಮಹಡೀಲಿ ಬಾಡಿಗೆಗಿದೀನಿ. ಆ ಕಟ್ಟಡಕ್ಕೆ ಲಿಫ್ಟೇ ಇಲ್ಲ."

ಕೆಲವರು ನಕ್ಕರು. ಎರಡನೆಯ ಜೋಕಿಗೆ ಇನ್ನೂ ಕಡಿಮೆ. ಮೂರನೆಯದು ಗಂಡ ಹೆಂಡತಿಯ ಜಗಳದ್ದು. ಎಂದೂ ಸೋಲದ ಜೋಕು ಅದು. "ಇಪ್ಪತ್ತು ನಿಮಿಷದಲ್ಲಿ ಬಾಗಿಲು ತೆಗೆದೆ," ಎಂದು ನಿಂತರು. ನಿಂತೇ ಇದ್ದರು. ಯಾರೋ ಕುರ್ಚಿ ಸರಿಸಿದ ಸದ್ದು ಕೇಳಿಸಿತು. ನೋಟ್‌ಬುಕ್ಕಿನವನು ಗಡಿಯಾರ ನೋಡಿಕೊಂಡ. ಇವರು ಅವಸರದಲ್ಲಿ ಗಂಟು ಹಾಕಿದರು, ಅದು ಜಾರಿಹೋಯಿತು. ಹಣೆಯ ಬೆವರು ನನಗೆ ಕಂಬದ ಹಿಂದಿನಿಂದಲೂ ಕಾಣಿಸಿತು. ನನ್ನ ಕಣ್ಣಲ್ಲಿ ನೀರು ಬಂತು. ಹೋಗಲಿ, ಒಂದು ಸಲ ನಕ್ಕುಬಿಡುತ್ತೇನೆ ಎಂದುಕೊಂಡೆ. ಅಳು ಬರುವಾಗ ನಗು ಹೇಗೆ ಬರಬೇಕು?

ನಾಲ್ಕನೆಯ ಜೋಕನ್ನು ಇವರು ಶುರುವೇ ಮಾಡಲಿಲ್ಲ. ಆ ದೀಪ ಕಣ್ಣಿಗೇ ಹೊಡೆಯುತ್ತದೆ, ಅಲ್ಲಿ ನಿಂತವರಿಗೆ ಎದುರಿನ ಒಂದು ಮುಖವೂ ಕಾಣುವುದಿಲ್ಲ ಎಂದು ಅವರೇ ಹೇಳಿದ್ದರು. ತಲೆಯನ್ನು ಒಂದಿಷ್ಟು ಓರೆ ಮಾಡಿದರು. ಆ ಭಂಗಿ ನನಗೆ ಚೆನ್ನಾಗಿ ಗೊತ್ತು. ಬಚ್ಚಲ ಬಾಗಿಲಿಗೆ ಕಿವಿ ಕೊಡುವಾಗಿನ ಭಂಗಿ.

ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬೆರಳಿನ ಗೆಣ್ಣಿನಿಂದ ಅದರ ಮೇಲೆ ತಟ್ಟಿದರು. ಟಕ್. ಟಕ್. ಟಕ್.

"ಕೇಳ್ಸುತ್ತೆ, ಕೇಳ್ಸುತ್ತೆ!" ಎಂದು ಯಾರೋ ಕೂಗಿದರು. ಜನ ನಕ್ಕರು. ಇವರು ಆ ನಗುವಿನತ್ತ ತಿರುಗಲೂ ಇಲ್ಲ. ಬಾಗಿಲ ಬಳಿ ನಿಂತಿದ್ದ ಮೇಡಂ ಕತ್ತಿನ ಕೀಲಿಗೊಂಚಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಇನ್ನೊಂದು ಸಲ ಟಕ್, ಟಕ್, ಟಕ್. ಆಮೇಲೆ ಮೆಲ್ಲಗೆ, ಜೋಕಿನ ದನಿಯಲ್ಲಲ್ಲ, ಮನೆಯ ದನಿಯಲ್ಲಿ, "ಒಳಗೆ ಇದೀಯಾ?" ಎಂದರು.

ಚಿವುಟಲು ಸಿದ್ಧವಾಗಿ ಕೂತಿದ್ದ ನಾದಿನಿ ನನ್ನ ಬಾಯಿಂದ ಕರ್ಚೀಫ್ ಕಿತ್ತುಕೊಂಡಳು. "ತಟ್ಟಿ ಅತ್ತಿಗೆ. ಅಣ್ಣ ಕೇಳ್ತಿದಾನೆ, ತಟ್ಟಿ."

ಮುಂದಿನ ಖಾಲಿ ಕುರ್ಚಿಯ ತಗಡಿನ ಬೆನ್ನಿಗೆ ನಾನು ಮೂರು ಸಲ ತಟ್ಟಿದೆ.

ಕೋಣೆಯ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಇವರ ಹೆಗಲು ಕೆಳಗಿಳಿದದ್ದು ಮಾತ್ರ ನನಗೆ ಕಂಡಿತು. ಉಸಿರು ಬಿಟ್ಟದ್ದು ಮೈಕಿನಲ್ಲಿ ಕೇಳಿಸಿತು. ಮೈಕನ್ನು ಮತ್ತೆ ಕೈಗೆ ತೆಗೆದುಕೊಂಡರು.

"ನಮ್ಮ ಕೆಲಸದಲ್ಲಿ ಹೀಗೇ," ಎಂದು ಜನರಿಗೆ ಹೇಳಿದರು. "ಬಾಗಿಲ ಆಚೆ ಇರೋರು ತಟ್ಟೋವರೆಗೂ ನಾವು ಮುಂದಿನ ಕೆಲಸ ಮಾಡೋ ಹಾಗಿಲ್ಲ. ಈಗ ತಟ್ಟಿದ್ರಲ್ಲ, ಆಕೆಗೆ ಒಂದು ಮಾತು ಹೇಳೋದು ಮೂವತ್ತು ವರ್ಷದಿಂದ ಬಾಕಿ ಇದೆ." ಆಮೇಲೆ ಕಂಬದ ಕಡೆಗೇ ತಿರುಗಿದರು. "ಏನೂ ಹೆದರ್ಕೋಬೇಡಿ. ಈ ಲಿಫ್ಟನ್ನ ಹೋದ ವಾರ ಒಬ್ಬ ಪೆದ್ದ ರಿಪೇರಿ ಮಾಡಿ ಹೋಗಿದ್ದ. ಆ ಪೆದ್ದ ಯಾರು ಅಂದ್ರೆ..."

ನಾನು ನಕ್ಕುಬಿಟ್ಟೆ. ವಾರವಿಡೀ ಕಟ್ಟಿಟ್ಟದ್ದು ಒಟ್ಟಿಗೇ ಬಂತು, ಅಳುವೂ ಅದರಲ್ಲೇ ಸೇರಿತ್ತು. ನಾದಿನಿ ಲೈಬ್ರರಿಯನ್ನು ಮರೆತು ನನಗಿಂತ ಜೋರಾಗಿ ನಕ್ಕಳು.

ಇವರು ಮಾತು ಅಲ್ಲಿಗೇ ನಿಲ್ಲಿಸಿ, ನನ್ನ ಕಡೆ ಕೈ ತೋರಿಸಿ, "ನೋಡಿ, ಆಕೆಗೆ ಆಗಲೇ ಗೊತ್ತಾಯ್ತು," ಎಂದರು. ಸೂರು ಹಾರಿಹೋಗುವ ಹಾಗೆ ಜನ ನಕ್ಕರು. ನನ್ನ ಜಾಗದಲ್ಲಿ ಕೂತಿದ್ದ ಕೈಕಟ್ಟಿನವನೂ ಕೈ ಬಿಚ್ಚಿ ತೊಡೆ ತಟ್ಟಿಕೊಂಡ. ಅಲ್ಲಿಂದ ಉಳಿದ ಐದು ನಿಮಿಷ ನಾನು ಮುಂಚೆ, ಅವರು ಆಮೇಲೆ, ಕೋಣೆ ಕೊನೆಗೆ. ಕರ್ಚೀಫ್ ಎಲ್ಲಿ ಬಿತ್ತೋ ನೋಡಲಿಲ್ಲ.

ಕಾರ್ಯಕ್ರಮ ಮುಗಿದು ಜನ ಇಳಿದುಹೋದ ಮೇಲೆ ಮೆಟ್ಟಿಲ ತಿರುವಿನಲ್ಲಿ ನಾವು ನಾಲ್ವರೇ ಉಳಿದೆವು, ನಾನು, ಇವರು, ನಾದಿನಿ, ಮೇಡಂ. ಹೊರಗೆ ಇನ್ನೂ ಬೆಳಕಿತ್ತು. ನಾನು ಅಭ್ಯಾಸಬಲದಿಂದ ಅಪರಿಚಿತಳ ಹಾಗೆ ಎರಡು ಮೆಟ್ಟಿಲು ಕೆಳಗೆ ನಿಂತಿದ್ದೆ.

"ಥಿಯೇಟರಿನವರು ಒಂದು ಗಂಟೆ ನಿಮಗೇ ಕೊಟ್ಟಿದಾರೆ," ಎಂದು ಮೇಡಂ ಇವರಿಗೆ ಹೇಳಿದರು. ಇವರು ಮೆಟ್ಟಿಲ ಕಂಬಿ ಹಿಡಿದುಕೊಂಡರು. "ಆದ್ರೆ ನನಗೆ ಒಂದು ಅರ್ಥ ಆಗ್ಲಿಲ್ಲ," ಎಂದು ಆಕೆ ನನ್ನ ಕಡೆ ನೋಡಿ, ದನಿ ತಗ್ಗಿಸಿದರು. "ಮುಂಚೆಯೇ ನಗೋ ಹೆಂಗಸು ಇವರೇ ಅಲ್ವಾ? ಯಾರು ಇವರು? ವಿಚಾರಿಸಿದ್ರಾ?"

ಇವರು ಎರಡು ಮೆಟ್ಟಿಲು ಇಳಿದು ನನ್ನ ಪಕ್ಕಕ್ಕೆ ಬಂದು ನಿಂತರು. ಮೊಣಕಾಲು ನೋವಿಗೋ ಏನೋ ನನ್ನ ಹೆಗಲು ಹಿಡಿದುಕೊಂಡರು.

"ಇವಳು ನನ್ನ ಹೆಂಡ್ತಿ," ಎಂದರು. "ಥಿಯೇಟರಲ್ಲಿ ಮೂರನೇ ಸಾಲಿನಲ್ಲಿ, ಗೋಡೆಯಿಂದ ಎರಡನೇ ಸೀಟು ಇವಳಿಗೆ ಇಡಿ. ಇವಳು ಮೊದಲು ನಗ್ತಾಳೆ, ಆಮೇಲೆ ನಾನು ಮಾತು ಮುಗಿಸ್ತೀನಿ. ನಮ್ಮಲ್ಲಿ ಶುರುವಿನಿಂದಲೂ..."

ಶುರುವಿನಿಂದಲೂ ಏನು ಎನ್ನುವುದನ್ನು ಅವರು ಹೇಳಿ ಮುಗಿಸುವ ಮುಂಚೆಯೇ ನಾನು ಅತ್ತುಬಿಟ್ಟೆ.